ಗೇಣುದ್ದದ ತಾಮ್ರ

ನಮ್ಮ ಮನೆಯಲ್ಲಿ ಮೊದಲು ಕೈ ಏಳುತ್ತಿತ್ತು, ಮಾತು ಆಮೇಲೆ. ಕುರಿ ಕಾಯುವ ಬಡಿಗೆಯಿಂದಲೇ ಅಪ್ಪ ನಮ್ಮನ್ನೂ ಬಡಿಯುತ್ತಿದ್ದ. ಕುರಿಗೆ ಹೊಡೆಯುವಾಗ ಜಾಗ ನೋಡಿ ಹೊಡೆಯುತ್ತಿದ್ದ; ಕಾಲು ಮುರಿದರೆ ಕುರಿ ಹೋಯಿತು ಎಂಬ ಎಚ್ಚರ ಅವನಿಗಿತ್ತು. ನಮಗೆ ಹೊಡೆಯುವಾಗ ಜಾಗ ನೋಡುತ್ತಿರಲಿಲ್ಲ. ಅವನು ಸತ್ತ ಮೇಲೆ ಬಡಿಗೆ ಬಾಗಿಲ ಹಿಂದೆ ನಿಂತಿತು, ಕೆಲವು ದಿನಗಳಲ್ಲೇ ನನ್ನ ಕೈಗೆ ಬಂತು.

ನಾನು ದೊಡ್ಡವಳು. ನನ್ನ ಬೆನ್ನಿಗೆ ಇಬ್ಬರು ತಮ್ಮಂದಿರು. ಅವ್ವ ಹೊಲದ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಇಬ್ಬರೂ ನನ್ನ ಪಾಲು. ಐದನೆಯ ಇಯತ್ತೆಗೆ ಸಾಲೆ ಬಿಟ್ಟು ಅವರನ್ನು ನೋಡಿಕೊಂಡೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದೇನೆ. ನೋಡಿಕೊಂಡಷ್ಟೇ ಹೊಡೆದೂ ಇದ್ದೇನೆ ಎಂಬುದನ್ನು ಹೇಳಿಲ್ಲ. ದೊಡ್ಡ ತಮ್ಮನಿಗೆ ಮೀಸೆ ಚಿಗುರುವ ಹೊತ್ತಿಗೆ ಅವನೂ ತಿರುಗಿ ಹೊಡೆದ. ನನ್ನ ಮುಂದಿನ ಹಲ್ಲಿನ ತುದಿ ಆಗ ಮುರಿದದ್ದು. ಇಬ್ಬರೂ ನೆಲದ ಮೇಲೆ ಕುಳಿತು ಆ ಚೂರನ್ನು ಹುಡುಕಿದೆವು, ಸಿಗಲಿಲ್ಲ, ನಕ್ಕೆವು. ಸಣ್ಣ ತಮ್ಮ ಮಾತ್ರ ಯಾವತ್ತೂ ತಿರುಗಿ ಹೊಡೆದವನಲ್ಲ. ಹೊಡೆದರೆ ತಲೆ ಬಗ್ಗಿಸಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ.

ನನ್ನನ್ನು ಮದುವೆ ಮಾಡಿಕೊಟ್ಟರು. ಎರಡು ವರ್ಷಕ್ಕೆ ತಿರುಗಿ ಬಂದೆ. ಹೊಡೆಸಿಕೊಳ್ಳುವುದು ನನಗೆ ಹೊಸದಾಗಿರಲಿಲ್ಲ, ಆದರೆ ಅಲ್ಲಿ ತಿರುಗಿ ಹೊಡೆಯುವ ಹಾಗಿರಲಿಲ್ಲ.

ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬೆಳಗಾವಿ ಬಳಿಯ ಮಚ್ಛೆಗೆ ಹೋಗತೊಡಗಿದೆ. ಅಲ್ಲಿನ ಒಂದು ಶೆಡ್ಡಿನಲ್ಲಿ ಕರೆಂಟ್ ಗಾಡಿಗಳ ಬ್ಯಾಟರಿ ಡಬ್ಬಿ ಕಟ್ಟುತ್ತಿದ್ದರು. ಹೆಬ್ಬೆರಳು ಗಾತ್ರದ ಸೆಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ನಿಕ್ಕಲ್ ಪಟ್ಟಿ ಇಟ್ಟು, ಯಂತ್ರದ ಎರಡು ಸೂಜಿ ಒತ್ತಿದರೆ ಚಿಟ್ ಎಂದು ಕಿಡಿ ಹಾರಿ ಪಟ್ಟಿ ಅಂಟುತ್ತಿತ್ತು. ಆ ಕೆಲಸಕ್ಕೆ ಹೆಂಗಸರನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದರು. ಎಲ್ಲ ಸೆಲ್ಲು ಕೂಡಿಸಿದ ಮೇಲೆ ಕೊನೆಗೆ ಅಂಗೈ ಅಗಲದ ಹಸಿರು ಕಾರ್ಡೊಂದನ್ನು ಜೋಡಿಸುತ್ತಿದ್ದೆವು. ಅದು ಯಾಕೆ ಎಂದು ನನಗೆ ತಿಳಿಸಿದವನು ಸಣ್ಣ ತಮ್ಮ. ಅವನು ಐಟಿಐ ಮುಗಿಸಿ ವೈರಿಂಗ್ ಕೆಲಸ ಹಿಡಿದಿದ್ದ.

"ಅಕ್ಕಾ, ನಮ್ಮ ಕುರಿನಾಯಿ ಇತ್ತಲಾ, ಹಂಗ ಅದು. ಕುರಿ ದಾರಿ ಬಿಟ್ಟರ ಅಡ್ಡ ನಿಲ್ಲತಿತ್ತಲಾ? ಲೋಡ್ ಜಾಸ್ತಿ ಆತು, ಅಡ್ಡ ನಿಲ್ಲತೈತಿ. ಬಿಸಿ ಆತು, ಅಡ್ಡ ನಿಲ್ಲತೈತಿ. ಚಾರ್ಜ್ ತುಂಬಿತು, ಬಂದ್ ಮಾಡತೈತಿ."

"ಬೊಗಳೂದಿಲ್ಲ?"

"ಬೊಗಳೂದಿಲ್ಲ. ಸೀದಾ ಕಡಿತೈತಿ."

ದೊಡ್ಡ ತಮ್ಮ ಒಂದು ಕರೆಂಟ್ ಟಮ್‌ಟಮ್ ತೆಗೆದುಕೊಂಡ. ಹಿಂದೆ ಸಾಮಾನು ಹೇರುವ ತೊಟ್ಟಿ ಇರುವ ಮೂರು ಗಾಲಿಯ ಗಾಡಿ. ಅದರ ಡಬ್ಬಿ ನಮ್ಮ ಶೆಡ್ಡಿನಿಂದಲೇ ಹೋದದ್ದು. ಆ ವರ್ಷ ಬೆಳಗಾವಿಯ ನೆಹರು ನಗರದ ಕಡೆ ಒಬ್ಬ ಯಜಮಾನರು ಮನೆ ಕಟ್ಟಿಸುತ್ತಿದ್ದರು. ಏಸಿ ಹಾಕದೆಯೇ ತಂಪಾಗಿರಬೇಕು, ಗೋಡೆಗೆಲ್ಲ ಪೊಳ್ಳು ಮಣ್ಣಿನ ಇಟ್ಟಿಗೆಯೇ ಆಗಬೇಕು, ಮೇಲೆ ಸೋಲಾರ್ ಪಟ್ಟಿ ಕೂರಬೇಕು, ಸಾಮಾನು ತರುವ ಗಾಡಿಯೂ ಹೊಗೆ ಉಗುಳಬಾರದು. ಇಷ್ಟೂ ಅವರ ಹಟ. ಖಾನಾಪುರದ ಕೆಮ್ಮಣ್ಣಿನ ಭಟ್ಟಿಯಿಂದ ಇಟ್ಟಿಗೆ ಹೇರುವ ಕೆಲಸ ದೊಡ್ಡ ತಮ್ಮನಿಗೆ ಸಿಕ್ಕಿತು. ವೈರಿಂಗ್ ಸಣ್ಣ ತಮ್ಮನಿಗೆ. ಒಂದು ರವಿವಾರ ಅವ್ವನನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಹೊರಗೆ ಸುಡುವ ಬಿಸಿಲು, ಇನ್ನೂ ಗಿಲಾವ್ ಮೆತ್ತದ ಕೆಂಪು ಗೋಡೆಯ ಒಳಗೆ ಮಡಕೆಯ ನೀರಿನ ತಂಪು. ಅವ್ವ ಗೋಡೆಗೆ ಕೆನ್ನೆ ಹಚ್ಚಿ ನಿಂತಳು.

"ಗ್ವಾಡಿ ಒಳಗ ಏನ ಹಾಕ್ಯಾರ?"

"ಏನೂ ಹಾಕಿಲ್ಲವ್ವಾ. ಬರೇ ಗಾಳಿ. ಗಾಳಿನ ಬಿಸಿಲ ತಡಿತೈತಿ," ಎಂದ ಸಣ್ಣ ತಮ್ಮ.

ಮೂವರೂ ಒಂದೇ ಮನೆಗೆ ಕೈ ಹಚ್ಚಿದ್ದೆವು. ಅಷ್ಟು ಸಂತೋಷದ ದಿನ ನಮಗೆ ಮತ್ತೆ ಬರಲಿಲ್ಲ.

ಆ ಪೊಳ್ಳು ಇಟ್ಟಿಗೆಯೇ ಮೋಸ ಮಾಡಿತು. ಎತ್ತಿದರೆ ಹಗುರ, ಒಳಗೆ ತೂತು. ಆದ್ದರಿಂದ ದೊಡ್ಡ ತಮ್ಮ ತೊಟ್ಟಿಯ ಅಂಚು ಮೀರಿ ಇನ್ನೂ ಎರಡು ವರಸೆ ಹೇರುತ್ತಿದ್ದ. ಬೆಳಗಾವಿಯ ದಾರಿಯ ಏರಿನಲ್ಲಿ ಕಾರ್ಡ್ ತನ್ನ ಕೆಲಸ ಮಾಡಿತು. ಗಾಡಿ ಸತ್ತಂತೆ ನಿಂತಿತು, ಹಿಂದಕ್ಕೆ ಜಾರಿತು, ಹಿಂದಿದ್ದ ಲಾರಿಯ ಮೂತಿಗೆ ಬಡಿಯಿತು. ಲಾರಿಯವನು ಕೆಳಗಿಳಿದು ಜಾಕಿನ ರಾಡಿನಿಂದ ನನ್ನ ತಮ್ಮನನ್ನು ಬಡಿದ. ಹುಬ್ಬು ಒಡೆದು, ಒಂದು ಕಣ್ಣು ಮುಚ್ಚಿಹೋಗಿ, ಅವನು ನಮ್ಮ ಶೆಡ್ಡಿನ ಗೇಟಿಗೆ ಬಂದು ನಿಂತ. ಅಂಗಿಯ ಎದೆಯೆಲ್ಲ ರಕ್ತ.

"ನೋಡು, ನಿನ್ನ ಡಬ್ಬಿ ಮಾಡಿದ ಕೆಲಸ."

"ಎಷ್ಟ ಹೇರಿದ್ದಿ?"

"ಪೊಳ್ಳ ಇಟ್ಟಂಗಿ ಅವು. ಪೊಳ್ಳಿಗೇನ ತೂಕ?"

"ಪೊಳ್ಳಿನ ಸುತ್ತ ಮಣ್ಣ ಐತೆಲೋ, ಕತ್ತಿ."

"ನೀ ಮಾಸ್ತರಕಿ ಮಾಡಬ್ಯಾಡ. ಹೊಡಸ್ಕೊಂಡಾಂವ ನಾನು."

ಮುಂದಿನ ವಾರವೂ ಅದೇ ಏರು. ಈ ಸಲ ಹಿಂದಿದ್ದ ಬಸ್ಸಿನವರು ಇಳಿದು ಗಾಡಿ ತಳ್ಳುತ್ತ, ನಡುನಡುವೆ ಅವನ ಬೆನ್ನಿಗೆ ಗುದ್ದಿದರಂತೆ. ಅವತ್ತು ಊರ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಾನು ಬಸ್ಸಿಳಿದಾಗ ಅವನು ಗೆಳೆಯರ ನಡುವೆ ಕುಳಿತು ಕೂಗಿದ: "ಹೆಂಗಸರು ಮಾಡಿದ ಡಬ್ಬಿ ನೋಡ್ರಪಾ, ಏರು ಬಂತಂದ್ರ ನಡಾ ಹಿಡಕೊಂಡು ಕುಂದರತೈತಿ!" ಎಲ್ಲರೂ ನಕ್ಕರು. ನನಗೆ ಅವನ ಗಾಯಕ್ಕಿಂತ ಆ ನಗೆ ಹೆಚ್ಚು ನಾಟಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಶೆಡ್ಡಿನಲ್ಲಿ ಡಬ್ಬಿ ಪರೀಕ್ಷೆ ಮಾಡುವವರು ಕೆಟ್ಟದ್ದು ಸೆಲ್ಲೋ ಕಾರ್ಡೋ ಎಂದು ತಿಳಿಯಲು ಒಂದು ನಿಮಿಷ ದಪ್ಪ ತಂತಿ ಹಚ್ಚಿ ನೋಡುತ್ತಿದ್ದರು. ಕಾರ್ಡಿನ ಈ ಕಡೆಯಿಂದ ಆ ಕಡೆಗೆ ತಂತಿ ಹಚ್ಚಿದರೆ ಕರೆಂಟು ಕಾರ್ಡನ್ನು ಕೇಳದೆಯೇ ಹಾದುಹೋಗುತ್ತದೆ. ಒಂದು ನಿಮಿಷ, ಕೂಡಲೇ ತೆಗೆಯುತ್ತಿದ್ದರು. ಅದನ್ನು ನಾನು ನೂರು ಸಲ ನೋಡಿದ್ದೆ.

ಆ ರವಿವಾರ ಸಣ್ಣ ತಮ್ಮ ಮನೆಯಲ್ಲಿರಲಿಲ್ಲ. ಅವನ ಕೆಲಸದ ಚೀಲದಿಂದ ಗೇಣುದ್ದ ದಪ್ಪ ತಾಮ್ರದ ತಂತಿ ಕತ್ತರಿಸಿದೆ. ಟಮ್‌ಟಮ್ಮಿನ ಸೀಟಿನ ಕೆಳಗಿನ ಡಬ್ಬಿಯ ಮುಚ್ಚಳ ಬಿಚ್ಚಿ ಕಾರ್ಡಿನ ಎರಡು ತುದಿಗೆ ಹಚ್ಚಿ ಬಿಗಿದೆ. ಹತ್ತು ನಿಮಿಷದ ಕೆಲಸ.

"ಒಂದ ವಾರ ಅಷ್ಟ. ಲೋಡ್ ಕಡಿಮಿ ಮಾಡು. ಮುಂದಿನ ರವಿವಾರ ತೆಗಿತೀನಿ," ಎಂದೆ.

"ಆತ ಇಂಜಿನಿಯರ್ ಬಾಯಿ," ಎಂದ. ಕೈಯೆತ್ತಿ ಸಲಾಮು ಹೊಡೆದ.

ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿತು. ರವಿವಾರ ಬಂತು. ಅವನು ಮಟನ್ ತಂದು, ನಾನು ಏನು ಮಾಡಿದೆ ಎಂದು ಬಿಡಿಸಿ ಹೇಳದೆ ಚಹಾದಂಗಡಿಯ ಗೆಳೆಯರ ಮುಂದೆ ನನ್ನನ್ನು ಹೊಗಳಿದ. ನಾನು ತಂತಿ ತೆಗೆಯಲಿಲ್ಲ. ಇನ್ನೊಂದು ರವಿವಾರವೂ ತೆಗೆಯಲಿಲ್ಲ. ಮರೆತಿರಲಿಲ್ಲ, ತೆಗೆದರೆ ಆ ಸಲಾಮು ನಿಲ್ಲುತ್ತದೆ ಎಂದು ಸುಮ್ಮನಿದ್ದೆ.

ಮೂರನೆಯ ವಾರ, ನಡುಮಧ್ಯಾಹ್ನ, ಅವನು ಊಟಕ್ಕೆ ಬಂದು ಗಾಡಿಯನ್ನು ಕುರಿದೊಡ್ಡಿಯ ಬಾಜುವಿನ ತಗಡಿನ ಕೆಳಗೆ ಚಾರ್ಜಿಗೆ ಹಚ್ಚಿದ. ಆ ಪಾಯಿಂಟು ಹಾಕಿದವನು ಸಣ್ಣ ತಮ್ಮ. ಮಳೆ ಇದ್ದುದರಿಂದ ಕುರಿಗಳು ಹೊರಗೆ ಹೋಗಿರಲಿಲ್ಲ. ಆಮೇಲಿನದು ಅವ್ವ ಹೇಳಿದ್ದು. ಮೊದಲು ಹುಳಿ ವಾಸನೆಯ ಬಿಳಿ ಹೊಗೆ. ಆಮೇಲೆ ಫಟ್ ಫಟ್ ಎಂದು ಶಬ್ದ, ಸೆಲ್ಲುಗಳು ಗುಂಡಿನ ಹಾಗೆ ಸಿಡಿದು ತಗಡಿಗೆ ಬಡಿದವು. ಬೆಂಕಿ ಸೀಟಿನ ಕೆಳಗಿನಿಂದ ಅಡ್ಡಕ್ಕೆ ಹೊರಟು ದೊಡ್ಡಿಯ ಒಣ ಜೋಳದ ಸೊಪ್ಪೆಗೆ ಹಿಡಿಯಿತು. ದೊಡ್ಡ ತಮ್ಮ ಊಟದ ಕೈಯಲ್ಲೇ ಓಡಿದ. ದೊಡ್ಡಿಯ ಬಾಗಿಲಿನ ಕಬ್ಬಿಣದ ಅಗಳಿ ಆಗಲೇ ಕಾದಿತ್ತು. ಬರಿಗೈಯಲ್ಲಿ ಹಿಡಿದು ಎಳೆದ. ಚರ್ಮ ಅಗಳಿಗೆ ಅಂಟಿತು, ಅಗಳಿ ಬಿಡಲಿಲ್ಲ. ಒಳಗೆ ಕುರಿಗಳ ಕೂಗು. ಎರಡನೆಯ ಸಲ ಹಿಡಿದು ಎಳೆದ.

ಫೋನು ಬಂದು ನಾನು ಮಚ್ಛೆಯಿಂದ ತಲುಪುವಷ್ಟರಲ್ಲಿ ಬೆಂಕಿ ಆರಿತ್ತು. ಕುರಿಗಳೆಲ್ಲ ಹಿಂದಿನ ಗೋಡೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದಿದ್ದವು, ಮರಿಗಳು ಎಲ್ಲಕ್ಕಿಂತ ಕೆಳಗೆ. ಸುಟ್ಟ ಉಣ್ಣೆಯ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಒಂದು ಗಬ್ಬದ ಕುರಿ ಇನ್ನೂ ಉಸಿರಾಡುತ್ತಿತ್ತು, ಅದರ ಒಂದು ಬದಿ ಚರ್ಮವೇ ಇರಲಿಲ್ಲ. ದೊಡ್ಡ ತಮ್ಮ ಕೈಗಳನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕುಳಿತಿದ್ದ.

"ಅಕ್ಕಾ, ನನ್ನ ಕೈಲಿ ಆಗೂದಿಲ್ಲ. ಅದನ್ನ ಬಿಡಸು."

ಕುಡುಗೋಲು ತಂದು ಅದರ ಕುತ್ತಿಗೆ ಕೊಯ್ದೆ. ಕುಡುಗೋಲು ಒರೆಸುವಾಗ ಟಮ್‌ಟಮ್ಮಿನ ಕರಿ ಎಲುಬುಗೂಡು ಕಂಡಿತು. ಅದರ ನಡುವೆ ಡಬ್ಬಿ, ಬದಿ ಒಡೆದು ಸೊಟ್ಟಗಾಗಿದ್ದರೂ ಮುಚ್ಚಳ ಹಾಗೇ ಇತ್ತು. ತಾಮ್ರ ಇಷ್ಟು ಬೆಂಕಿಗೆ ಸುಡುವುದಿಲ್ಲ. ತಂತಿ ಒಳಗೇ ಇದೆ.

ಅಷ್ಟು ಹೊತ್ತಿಗೆ ಅಂಗಳದ ತುಂಬ ಮಂದಿ. "ವೈರಿಂಗ್ ತಪ್ಪು, ಶಾರ್ಟ್ ಆಗೈತಿ," ಎಂದು ಯಾರೋ ಒಬ್ಬರು ಎಂದರು. ಆಮೇಲೆ ಎಲ್ಲರೂ ಅದನ್ನೇ ಎಂದರು. ಆಗಲೇ ಸಣ್ಣ ತಮ್ಮನ ಮೋಟಾರ್ ಸೈಕಲ್ ಬಂತು. ಇಳಿದವನು ಅಣ್ಣನ ಕೈ ನೋಡಿ ಅಲ್ಲೇ ಕುಕ್ಕರಿಸಿದ.

"ಏನ ಹಚ್ಚಿದ್ಯೋ ನನ್ನ ಮನಿಗೆ?" ಎಂದು ಅಣ್ಣ ಅವನ ಮುಖಕ್ಕೆ ಉಗಿದ.

ಸಣ್ಣ ತಮ್ಮ ಉಗುಳು ಒರೆಸಿಕೊಂಡ. ಎದ್ದು ಹೋಗಿ ಪಾಯಿಂಟು ನೋಡಿದ, ತಂತಿಯನ್ನು ಬೆರಳಿನಿಂದ ತಿಕ್ಕಿದ.

"ಅಣ್ಣಾ, ನನ್ನ ವಾಯರ್ ಸುಟ್ಟಿಲ್ಲ. ಕರೆಂಟ್ ಕಡಿಯೂ ಎಂಸಿಬಿ ತಾನಾಗೇ ಬಿದ್ದೈತಿ. ಬೆಂಕಿ ಗ್ವಾಡಿ ಕಡಿಂದ ಬಂದಿಲ್ಲ, ಡಬ್ಬ್ಯಾಗಿಂದ ಬಂದೈತಿ. ತಡಿ, ಡಬ್ಬಿ ತೆಗದು ನೋಡತೀನಿ."

ಅವನು ಡಬ್ಬಿಯ ಕಡೆ ಎರಡು ಹೆಜ್ಜೆ ಇಟ್ಟ. ಬಾಗಿಲ ಹಿಂದಿನ ಅಪ್ಪನ ಬಡಿಗೆ ನನ್ನ ಕೈಗೆ ಹೇಗೆ ಬಂತು ಎಂದು ಸುಳ್ಳು ಹೇಳುವುದಿಲ್ಲ. ನಾನೇ ಒಳಗೆ ಹೋಗಿ ತಂದೆ. ಅವನ ಎದುರಿಗೆ ಬಂದು ನಿಂತು ಎಡಗಿವಿಯ ಮೇಲೆ ಬೀಸಿ ಹೊಡೆದೆ. ಮಡಕೆ ಒಡೆದಂಥ ಸದ್ದು ಬಂತು.

"ಕುರಿ ಸುಟ್ಟಿ, ಅಣ್ಣನ ಕೈ ಸುಟ್ಟಿ, ಇನ್ನೂ ಬಾಯಿ ಮಾಡತಿ?" ಎಂದು ಕೂಗಿದೆ.

ಅವನು ನನ್ನನ್ನು ನೋಡಿದ. ಚಿಕ್ಕಂದಿನ ಹಾಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಳಿತುಬಿಟ್ಟ. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಅಕ್ಕನೇ ಹೊಡೆದಳು ಎಂದ ಮೇಲೆ ಮಂದಿಗೆ ಇನ್ನೇನು ಬೇಕು. ದೊಡ್ಡ ತಮ್ಮನಿಗೆ ಸುಟ್ಟ ಕೈ ಎತ್ತಲು ಬರುತ್ತಿರಲಿಲ್ಲ, ಕಾಲಿನಿಂದ ಒದ್ದ. ಚಹಾದಂಗಡಿಯ ಗೆಳೆಯರು ಒದ್ದರು. ಅವರಲ್ಲಿ ಒಬ್ಬ, ಅವನದೂ ಕರೆಂಟ್ ಟಮ್‌ಟಮ್ಮೇ, ಎಲ್ಲರಿಗಿಂತ ಹೆಚ್ಚು ಒದ್ದ. ಯಾರೋ ಒಂದು ಪೊಳ್ಳು ಇಟ್ಟಿಗೆ ಎತ್ತಿಕೊಂಡರು. ಅವ್ವ ಓಡಿ ಬಂದು ಮಗನ ಮೇಲೆ ಕವುಚಿ ಬಿದ್ದಳು. ಇಟ್ಟಿಗೆ ಅವಳ ಬೆನ್ನಿಗೆ ಬಿತ್ತು. ಆಗ ನಿಲ್ಲಿಸಿದರು. ನಾನು ಬಡಿಗೆ ಹಿಡಿದು ಡಬ್ಬಿಗೆ ಅಡ್ಡವಾಗಿ ನಿಂತಿದ್ದೆ. ಇಡೀ ಹೊತ್ತು ಅಲ್ಲಿಂದ ಕದಲಲಿಲ್ಲ.

ಇಬ್ಬರು ತಮ್ಮಂದಿರನ್ನೂ ಒಂದೇ ಗಾಡಿಯಲ್ಲಿ ನೆಹರು ನಗರದ ದವಾಖಾನೆಗೆ ಒಯ್ದರು. ಅವ್ವ ಜೊತೆಗೆ ಹೋದಳು. ನಾನು ಮನೆ ಕಾಯುತ್ತೇನೆ ಎಂದೆ. ಎಲ್ಲರೂ ಹೋದ ಮೇಲೆ ಕುಡುಗೋಲಿನಿಂದ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಇನ್ನೂ ಬಿಸಿ ಇತ್ತು. ತಂತಿ ಕಪ್ಪಾಗಿ ಸೊಟ್ಟಗಾಗಿತ್ತು, ಆದರೆ ಎರಡೂ ತುದಿ ನಾನು ಬಿಗಿದ ಜಾಗದಲ್ಲೇ ಇದ್ದವು. ಕಿತ್ತು ತಂದು ಜೋಳದ ಡಬ್ಬಿಯ ತಳದಲ್ಲಿ ಇಟ್ಟೆ. ಮಲಪ್ರಭೆಗೆ ಎಸೆಯಬೇಕೆಂದು ಎರಡು ಸಲ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ, ಎರಡು ಸಲವೂ ವಾಪಸು ತಂದೆ. ಯಾಕೆ ಎಂದು ನನಗೆ ಗೊತ್ತಿಲ್ಲ.

ದೊಡ್ಡ ತಮ್ಮನ ಬೆರಳುಗಳು ಮತ್ತೆ ಮಡಚಲಿಲ್ಲ. ಸಣ್ಣ ತಮ್ಮನ ಎಡಗಿವಿ ಹೋಯಿತು.

ಇಬ್ಬರೂ ಮನೆಗೆ ಬಂದ ಮೇಲೆ ಅವ್ವ ನ್ಯಾಯಕ್ಕೆ ಕಂಬಳಿ ಹಾಸಿದಳು. ದೇವರ ಜಗಲಿಯಿಂದ ಭಂಡಾರದ ಚೀಲ ತಂದು ನಡುವೆ ಇಟ್ಟಳು. ನಮ್ಮವರಲ್ಲಿ ದೇವರ ಅರಿಸಿನ ಮುಟ್ಟಿ ಹೇಳಿದ ಮಾತಿಗೆ ಎದುರು ಮಾತಿಲ್ಲ. ಸುಳ್ಳು ಹೇಳಿ ಮುಟ್ಟಿದರೆ ಮನೆ ಉಳಿಯುವುದಿಲ್ಲ ಎನ್ನುತ್ತಾರೆ. ಸಣ್ಣ ತಮ್ಮ ಮೊದಲು ಮುಟ್ಟಿದ. "ನನ್ನ ಕೆಲಸದಾಗ ತಪ್ಪಿಲ್ಲ," ಎಂದು ಹಣೆಗೆ ಹಚ್ಚಿಕೊಂಡ. ಅವ್ವ ನನ್ನ ಕಡೆ ನೋಡಿದಳು.

"ಡಬ್ಬಿ ನಿಮ್ಮ ಶೆಡ್ಡಿಂದು. ಅದರಾಗ ಏನರ ಇತ್ತೇನ?"

"ನನಗೇನೂ ಗೊತ್ತಿಲ್ಲ," ಎಂದು ನಾನೂ ಮುಟ್ಟಿದೆ, ನಾನೂ ಹಣೆಗೆ ಹಚ್ಚಿಕೊಂಡೆ.

ದೊಡ್ಡ ತಮ್ಮನಿಗೆ ಗೊತ್ತಿತ್ತಲ್ಲ ಎಂದು ಓದಿದವರು ಕೇಳಬಹುದು. ಅವನಿಗೆ ಗೊತ್ತಿದ್ದದ್ದು ನಾನು ಏನೋ ತಂತಿ ಹಚ್ಚಿದೆ, ಗಾಡಿ ಏರು ಹತ್ತಿತು ಎಂಬುದಷ್ಟೇ. ರವಿವಾರ ತೆಗೆಯುತ್ತೇನೆ ಎಂದವಳು ತೆಗೆದು ಡಬ್ಬಿ ಸರಿಮಾಡಿದ್ದಾಳೆ ಎಂದೇ ಅವನು ತಿಳಿದಿದ್ದ. ದವಾಖಾನೆಯಲ್ಲಿ ಒಂದೇ ಸಲ ಕೇಳಿದ: "ಅಕ್ಕಾ, ಅದನ್ನ ತೆಗದಿದ್ದೆಲ್ಲ?" ತೆಗೆದಿದ್ದೆ ಎಂದೆ. ಅವನು ಮತ್ತೆ ಕೇಳಲಿಲ್ಲ.

"ಇಬ್ಬರೂ ಮುಟ್ಟೀರಿ. ಒಬ್ಬರದು ಸುಳ್ಳ ಐತಿ," ಎಂದ ದೊಡ್ಡ ತಮ್ಮ, ಕಂಬಳಿಯ ಮೇಲೆ ಕುಳಿತು. "ಅಕ್ಕ ಸುಮ್ಮಸುಮ್ಮನ ಬಡಿಗಿ ಎತ್ತೂದಿಲ್ಲ. ನೀ ಈ ಮನ್ಯಾಗ ಇರಬ್ಯಾಡ."

ಸಣ್ಣ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಊರಲ್ಲಿ ಅವನಿಗೆ 'ಮನಿ ಸುಟ್ಟಾಂವ' ಎಂದು ಹೆಸರು ಬಿತ್ತು. ಸ್ವಿಚ್ಚು ಬದಲಿಸಲಿಕ್ಕೂ ಯಾರೂ ಕರೆಯಲಿಲ್ಲ. ನೆಹರು ನಗರದ ಆ ಮನೆಯಲ್ಲೂ ವೈರಿಂಗನ್ನು ಬೇರೆಯವರಿಗೆ ಕೊಟ್ಟರು. ಅದೇ ಮನೆಯಲ್ಲಿ ಅವನು ಇಟ್ಟಿಗೆ ಹೊರುವ ಕೂಲಿಗೆ ನಿಂತ.

ಕೆಲವು ತಿಂಗಳ ಮೇಲೆ ಅವ್ವ ರೊಟ್ಟಿ ಕಟ್ಟಿಕೊಟ್ಟು ನನ್ನನ್ನು ಅವನಲ್ಲಿಗೆ ಕಳಿಸಿದಳು. ನಾನು ಹೋದಾಗ ಅವನು ತಲೆಯ ಮೇಲೆ ಪೊಳ್ಳು ಇಟ್ಟಿಗೆ ಹೊತ್ತು ಹಾದಿ ದಾಟುತ್ತಿದ್ದ. ಅವನ ಎಡಗಡೆಯಿಂದ ಮರಳಿನ ಟಿಪ್ಪರ್ ಹಿಂದಕ್ಕೆ ಬರುತ್ತಿತ್ತು, ಹಾರ್ನು ಹೊಡೆಯುತ್ತಿತ್ತು. ಅವನು ನಡೆದೇ ಇದ್ದ. ಮೇಸ್ತ್ರಿ ಓಡಿ ಬಂದು ಕಾಲರ್ ಹಿಡಿದು ಎಳೆದ. ಇಟ್ಟಿಗೆಗಳು ಬಿದ್ದು ಒಡೆದವು. ಟಿಪ್ಪರಿನ ಗಾಲಿ ಅವನ ಚಪ್ಪಲಿಯ ಮೇಲೆ ಹಾದುಹೋಯಿತು, ಚಪ್ಪಲಿ ಮಾತ್ರ. ಮೇಸ್ತ್ರಿ ಅವನ ಕೆನ್ನೆಗೆ ಎರಡು ಬಾರಿಸಿದ.

"ಸಾಯಾಕ ನನ್ನ ಸೈಟ ಬೇಕೇನೋ ಕಿವುಡಾ?"

ತಮ್ಮ ಕಾಲರ್ ಬಿಡಿಸಿಕೊಂಡ. ಬಗ್ಗಿ ಒಡೆಯದ ಇಟ್ಟಿಗೆಗಳನ್ನು ಆರಿಸತೊಡಗಿದ. ನಾನು ರೊಟ್ಟಿಯ ಗಂಟನ್ನು ಅವನ ಬಲಗಡೆಗೆ ಹೋಗಿ ಇಟ್ಟೆ.

"ರವಿವಾರ ಮನಿಗೆ ಬಾ. ಅವ್ವ ಕಂಬಳಿ ಹಾಸತಾಳ."

"ಮತ್ತ ಹೊಡಿಯಾಕ ಏನ?"

"ಹೊಡಸ್ಕೊಳ್ಳಾಕ," ಎಂದೆ.

ಅವನು ಬಂದ. ಹೊರಗೆ ಅಂಗಳದಲ್ಲೇ ಹಾಸಿದೆವು. ಜೋಳದ ಡಬ್ಬಿಗೆ ಕೈ ಹಾಕಿ ತಂತಿ ತೆಗೆದು ಭಂಡಾರದ ಬಾಜುವಿಗೆ ಇಟ್ಟೆ. ಹಚ್ಚಿದ್ದು, ತೆಗೆಯದೇ ಬಿಟ್ಟದ್ದು, ಡಬ್ಬಿ ತೆರೆಯಬಾರದೆಂದು ಹೊಡೆದದ್ದು, ಸುಳ್ಳು ಮುಟ್ಟಿದ್ದು, ಎಲ್ಲ ಹೇಳಿದೆ. ಹೇಳಿ ಮುಗಿಯುವ ಮೊದಲೇ ದೊಡ್ಡ ತಮ್ಮ ಎದ್ದ. ಮುಷ್ಟಿ ಕಟ್ಟಲು ಹೋದ, ಬೆರಳು ಮಡಚಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂದಿರಬೇಕು. ಪಕ್ಕೆಗೆ ಒದ್ದ, ಬಿದ್ದ ಮೇಲೆ ಮತ್ತೆ ಒದ್ದ. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

"ಬಿಡಣ್ಣಾ," ಎಂದ ಸಣ್ಣ ತಮ್ಮ. ಅವನು ತಂತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ನನ್ನ ಚೀಲದ್ದ."

"ಹೂಂ."

"ಮೂರ ವಾರ ಇತ್ತ?"

"ಹೂಂ."

"ನನ್ನ ಒಂದ ಮಾತ ಕೇಳಿದ್ದರ ಹೇಳತಿದ್ದೆ. ಎರಡ ವರಸಿ ಇಟ್ಟಂಗಿ ಇಳಿಸಿದ್ದರ ಸಾಕಿತ್ತು."

ನಾನು ಎದ್ದು ಅವನ ಮುಂದೆ ಕುಳಿತೆ. ಅವನು ತಂತಿಯನ್ನು ಕೆಳಗಿಟ್ಟ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊಡೆದ. ಜೀವಮಾನದಲ್ಲಿ ನನಗೆ ಅವನು ಹೊಡೆದದ್ದು ಅದೊಂದೇ ಸಲ. ಕಣ್ಣಿಗೆ ಕತ್ತಲು ಬರುವಷ್ಟು ಜೋರು. ಆದರೆ ಕಿವಿಯನ್ನು ಬಿಟ್ಟು, ಕೆನ್ನೆಯ ಎಲುಬಿಗೆ ಹೊಡೆದ. ಜಾಗ ನೋಡಿ ಹೊಡೆದ.

ಅವ್ವ ತಂತಿಯನ್ನು ನನ್ನ ಮಡಿಲಿಗೆ ಎಸೆದಳು. "ಇಲ್ಲಿ ಹೇಳಿದರ ಮುಗೀಲಿಲ್ಲ. ಒದ್ದಾವರ ಮುಂದ ಹೇಳು."

ಮರುದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋದೆ. ಕೆನ್ನೆ ಊದಿತ್ತು. ತಂತಿ ತೋರಿಸಿ ಹೇಳಿದೆ. ಅವರು ನಂಬಲಿಲ್ಲ.

"ತಮ್ಮನ್ನ ಉಳಿಸಾಕ ಬಂದಾಳ, ಪಾಪ."

"ಐದನೇ ಇಯತ್ತೆ ಕಲಿತಾಕಿ ಬ್ಯಾಟರಿ ಬಿಚ್ಚತಾಳಂತ! ನಾಳೆ ಇಮಾನ ಬಿಚ್ಚತಾಳ."

ನಗೆ. ಮೊದಲ ಸಲ ನಕ್ಕದ್ದೂ ಇಲ್ಲಿಯೇ. ಮುಂದೆ ಒಂದು ಕರೆಂಟ್ ಟಮ್‌ಟಮ್ ನಿಂತಿತ್ತು, ಅವತ್ತು ಎಲ್ಲರಿಗಿಂತ ಹೆಚ್ಚು ಒದ್ದವನದು. "ನಂಬಿಕಿ ಇಲ್ಲಂದ್ರ ಇದನ್ನ ಬಿಚ್ಚಿ ತೋರಸತೀನಿ, ಎಲ್ಲಿ ಹಚ್ಚತಾರ ಅಂತ," ಎಂದು ಅದರ ಸೀಟು ಎತ್ತಿದೆ.

"ಮುಟ್ಟಬ್ಯಾಡ ನನ್ನ ಗಾಡಿ!"

ಅವನು ಹೌಹಾರಿ ಕೂಗಿದ. ಚಹಾದ ಲೋಟ ಕೈಜಾರಿ ಬಿತ್ತು. ಎಲ್ಲರೂ ಅವನ ಕಡೆ ತಿರುಗಿದರು. ಯಾರೂ ನಗಲಿಲ್ಲ. ಅವನು ನನ್ನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಎಳೆದ.

"ನಂದರಾಗೂ ಐತಿ ಅಕ್ಕಾ. ನಿಮ್ಮ ದೊಡ್ಡಾಂವ ಅವಾಗ ನನ್ನೊಬ್ಬನ ಮುಂದ ಹೇಳಿದ್ದ, ಅಕ್ಕ ತಂತಿ ಹಚ್ಚಿ ಕೊಟ್ಟಾಳ, ಎಂಥಾ ಏರೂ ಹತ್ತತೈತಿ ಅಂತ. ಒಬ್ಬನ ಕಡಿಂದ ಹಚ್ಚಸ್ಕೊಂಡೆ."

"ಬೆಂಕಿ ಬಿದ್ದ ದಿನಾನೂ ಇತ್ತ?"

"ಇತ್ತ."

"ಗೊತ್ತಿದ್ದೂ ಒದ್ದಿ?"

ಅವನು ನೆಲ ನೋಡಿದ. "ಮಕ್ಕಳು ಮಲಗೂ ಗ್ವಾಡಿ ಬಾಜುಕ ಚಾರ್ಜಿಗೆ ಹಚ್ಚತೀನಿ. ಅವತ್ತಿಂದ ನಿದ್ದಿ ಇಲ್ಲ. ಬಿಚ್ಚಸಾಕ ಹೋದರ ಮಂದಿಗೆ ತಿಳಿತೈತಿ ಅಂತ ಅಂಜಿಕಿ. ನೀನ ತೆಗದ ಕೊಡು."

ಅವನ ಮುಖದಲ್ಲಿ ನನ್ನದೇ ಭಯ ಕಂಡಿತು. ಅವನಿಗೂ ಹೊಡೆಯಬೇಕೆನಿಸಿತು. ಕೈ ಎತ್ತಿಯೂ ಇದ್ದೆ. ಇಳಿಸಿದೆ.

"ನನ್ನ ಕೈಲಿ ತೆಗಿಸಬ್ಯಾಡ. ಯಾರನ್ನ ಒದ್ದಿಯೋ ಅವನ್ನ ಕರಿ. ಇಲ್ಲೇ, ಇವರೆಲ್ಲರ ಮುಂದ."

ಅವನು ನೆಹರು ನಗರಕ್ಕೆ ತಾನೇ ಹೋಗಿ ಕರೆತಂದ. ಸಣ್ಣ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಚಹಾದಂಗಡಿಯ ಎಲ್ಲರೂ ಎದ್ದು ಗಾಡಿಯ ಸುತ್ತ ನಿಂತರು. ಅವನು ಮುಚ್ಚಳ ಬಿಚ್ಚಿದ, ಟೆಸ್ಟರ್ ಹಿಡಿದ, ಒಂದೊಂದೇ ತುದಿ ಸಡಿಲಿಸಿ ತಂತಿ ತೆಗೆದ. ಅದು ನಾನು ಹಚ್ಚಿದ್ದಕ್ಕಿಂತ ತೆಳ್ಳಗಿತ್ತು, ನಡುವೆ ಕಂದಿ ಕಪ್ಪಾಗಿತ್ತು. ಅವನು ಅದನ್ನು ಗಾಡಿಯವನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಮನ್ಯಾಗ ಇಟ್ಕೊ. ಏರು ಬಂದಾಗ ನೋಡು."

ಆ ವಾರವೇ ಒಬ್ಬರು ಪಂಪಿನ ಸ್ಟಾರ್ಟರ್ ರಿಪೇರಿಗೆ ಅವನನ್ನು ಕರೆದರು. ಆಮೇಲೆ ಇನ್ನೊಬ್ಬರು. ಈಗ ಅವನ ಕೈಯಲ್ಲಿ ಮತ್ತೆ ಕೆಲಸವಿದೆ. ನಾನು ಶೆಡ್ಡಿಗೂ ಹೋಗಿ ಹೇಳಿದೆ, ಕೆಲಸ ಬಿಡಿಸಿದರು. ಬಿಡಿಸಿದ್ದು ಸರಿ. ದೊಡ್ಡ ತಮ್ಮ ನನ್ನ ಜೊತೆ ಮಾತಾಡುವುದಿಲ್ಲ. ಊಟಕ್ಕೆ ಅವನ ರೊಟ್ಟಿ ನಾನು ಮುರಿದುಕೊಡುತ್ತೇನೆ, ಮುಖ ನೋಡದೆ ತಿನ್ನುತ್ತಾನೆ.

ಸಣ್ಣ ತಮ್ಮ ನೆಹರು ನಗರದ ಕಡೆಯೇ ಇರುತ್ತಾನೆ. ರವಿವಾರ ಅವ್ವನನ್ನು ನೋಡಲು ಬರುತ್ತಾನೆ. ಅವ್ವ ಮಾತಾಡುವಾಗ ಬಲಗಿವಿ ಅವಳ ಕಡೆ ಮಾಡಿ ಕೂರುತ್ತಾನೆ, ಅಣ್ಣ ಮಾತಾಡುವಾಗಲೂ ಹಾಗೆಯೇ. ನಾನು ಬಾಯಿ ತೆರೆದರೆ ಎಡಗಿವಿ ನನ್ನ ಕಡೆ ತಿರುಗುತ್ತದೆ. ಬೇಕೆಂದೇ ತಿರುಗಿಸುತ್ತಾನೋ ಇಲ್ಲವೋ ನಾನು ಕೇಳಿಲ್ಲ. ಹೇಳಬೇಕಾದದ್ದನ್ನು ಆ ಕಿವಿಗೇ ಹೇಳುತ್ತೇನೆ.